ಅಲ್ತಮಶ್ ಅಂದ್ರ ಏನು ಅರ್ಥ?

ಪ್ರಶ್ನೆ: ವಿಜಯಪುರದಾಗ ನಮ್ಮ ಅಕ್ಕನ ಮಗನಿಗೆ ಈ ಹೆಸರು ಇಡಬೇಕಂತ ಮಾಡೇವಿ. ‘ಅರವತ್ತು’ ಅಂತ ಅರ್ಥ ಅಂತಾರ ಕೆಲವರು. ಇತಿಹಾಸದ ಪುಸ್ತಕದಾಗ ‘ಇಲ್ತುತ್ಮಿಶ್’ ಅಂತ ಐತಿ. ಯಾವುದು ಖರೇ?

ಉತ್ತರ 1: ಎರಡೂ ಒಂದೇ ಹೆಸರು ರೀ. ದೆಹಲಿ ಆಳಿದ ಸುಲ್ತಾನನದು (1211–1236). ತುರ್ಕಿಯಲ್ಲಿ ‘ಇಲ್’ ಅಂದರೆ ನಾಡು, ‘ತುತ್’ ಅಂದರೆ ಹಿಡಿ, ‘ಮಿಶ್’ ಭೂತಕಾಲದ ಪ್ರತ್ಯಯ: ನಾಡನ್ನು ಹಿಡಿದವನು. ಆಗ ಈ ಹೆಸರು ಬರೆಯುತ್ತಿದ್ದ ಅರಬ್ಬಿ ಲಿಪಿಯಲ್ಲಿ ಹ್ರಸ್ವ ಸ್ವರ ಬರೆಯುವುದಿಲ್ಲ. ಹೆಸರಿನ ಮೊದಲಿಗಿರುವ ಅಲಿಫ್ ಎಂಬ ಅಕ್ಷರವನ್ನು ಅ, ಇ ಹೇಗಾದರೂ ಓದಬಹುದು. ಎರಡು ‘ತ’ಗಳಲ್ಲಿ ಒಂದು ಬಿಟ್ಟುಹೋದರೆ ಅಲ್ತಮಶ್ ಆಗುತ್ತದೆ. ತಪ್ಪು ಆಗಿದ್ದು ಇಲ್ಲೇ.

ಉತ್ತರ 2: ‘ಅರವತ್ತು’ ಬಂದದ್ದು ತುರ್ಕಿಯ ‘ಅಲ್ತ್‌ಮಿಶ್’ ಎಂಬ ಸಂಖ್ಯೆಯಿಂದ, ಬರೀ ಧ್ವನಿಸಾಮ್ಯ. ಚಂದ್ರಗ್ರಹಣದ ರಾತ್ರಿ ಹುಟ್ಟಿದವನು ಅನ್ನೋ ಹಳೆಯ ವಿವರಣೆಯೂ ಇದೆ, ಆದರೆ ‘ಇಲ್ ತುತ್’ ಬಿಡಿಸುವಿಕೆಯೇ ಗಟ್ಟಿ.

ಉತ್ತರ 3: ಅಲ್ತಮಶ್ ಈಗ ರೂಢಿಯ ಹೆಸರೇ, ಇಡ್ರಿ. ಜನನ ನೋಂದಣಿಯಾಗಿ 12 ತಿಂಗಳೊಳಗ ಹೆಸರು ಸೇರಿಸಿದರ ಶುಲ್ಕ ಇಲ್ಲ. ಆಮೇಲೆ ತಡದ ಶುಲ್ಕ ಬೀಳತೈತಿ. ಕನ್ನಡ, ಇಂಗ್ಲಿಷ್ ಎರಡರ ಕಾಗುಣಿತ ಮೊದಲೇ ಬರೆದುಕೊಂಡು ಹೋಗ್ರಿ. ‘ಶ್’, ‘ಷ್’ ಅದಲುಬದಲಾದರ ಮುಂದ ಆಧಾರ್, ಶಾಲೆ ದಾಖಲೆ ಹೊಂದೂದಿಲ್ಲ.