‘ವರ್ತನೆ ಬದಲಾಯಿಸಿ’ ಅಂದರೆ ಹಾಲಿನವನನ್ನು ಬದಲಾಯಿಸಬೇಕಾ?

ಗೆಳೆಯರೇ, ನಮಸ್ಕಾರ.

ಆಶಾ ಕಾರ್ಯಕರ್ತೆಯರಿಗಾಗಿ ಒಂದು ಸಣ್ಣ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎರಡು ಮಾತು ಗಂಟಲಲ್ಲಿ ಸಿಕ್ಕಿಕೊಂಡಿವೆ. ಒಂದು ಹೆಲ್ತ್ ಬಿಹೇವಿಯರ್, ಅಂದರೆ ಆರೋಗ್ಯದ ಮೇಲೆ ಪರಿಣಾಮ ಬೀರುವಂತೆ ಜನ ಮಾಡುವುದೆಲ್ಲ. ಇನ್ನೊಂದು ಹೆಲ್ತ್ ಪ್ರಮೋಷನ್.

ಮೊದಲನೆಯದಕ್ಕೆ ಇಲಾಖೆಯ ಕಾಗದಗಳಲ್ಲಿ ‘ವರ್ತನೆ’ ಅಂತಲೇ ಇರುತ್ತದೆ. ನಾನೂ ಹಾಗೇ ಬರೆದೆ. ತುಮಕೂರು ಕಡೆಯ ಒಂದು ಹಳ್ಳಿಯಲ್ಲಿ ಕರಡನ್ನು ಓದಿ ಹೇಳಿದೆ: ‘ಆರೋಗ್ಯಕ್ಕಾಗಿ ನಿಮ್ಮ ವರ್ತನೆ ಬದಲಾಯಿಸಿಕೊಳ್ಳಿ.’ ಒಬ್ಬ ಅಜ್ಜಿ ತಟ್ಟನೆ ಕೇಳಿದರು, “ಅಲ್ಲಾ ಕಣವ್ವಾ, ನಮ್ ವರ್ತನೆಯವ್ನು ಹಾಲಿಗೆ ನೀರು ಹಾಕಲ್ಲ. ಅವ್ನನ್ನ ಯಾಕ್ ಬಿಡಿಸ್ಬೇಕು?”

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಬಸ್ಸಲ್ಲಿ ವಾಪಸ್ ಬರುವಾಗ ಅಜ್ಜಿಯ ಅರ್ಥವೇ ಜಾಸ್ತಿ ಸರಿ ಅನ್ನಿಸಿತು. ಹಾಲಿನ ವರ್ತನೆ ಅಂದರೆ ಮನೆಗೆ ಹಾಲು ಹಾಕಿಸಿಕೊಳ್ಳುವ ಏರ್ಪಾಡು, ದಿನಾ ತಪ್ಪದೆ ನಡೆಯುವುದು. ಹೆಲ್ತ್ ಬಿಹೇವಿಯರ್ ಅನ್ನುವುದರ ದೊಡ್ಡ ಪಾಲು ಅದೇ ಅಲ್ವಾ? ಊಟಕ್ಕೆ ಮುಂಚೆ ಕೈ ತೊಳೆಯುವುದು, ಊಟ ಆದಮೇಲೆ ಎಲೆಅಡಿಕೆಗೆ ಹೊಗೆಸೊಪ್ಪು ಸೇರಿಸುವುದು. ನಮ್ಮ ಪುಸ್ತಕಗಳ ‘ವರ್ತನೆ’ಯಲ್ಲಿ ಮಾತ್ರ ಮೇಷ್ಟ್ರ ದನಿ ಇದೆ. ‘ಇವನ ವರ್ತನೆ ಸರಿ ಇಲ್ಲ’ ಅಂತ ಮನೆಗೆ ಚೀಟಿ ಕಳಿಸಿದ ಹಾಗೆ. ‘ನಡತೆ’ ಇನ್ನೂ ಮೋಸ, ಅದು ಸೀದಾ ಚಾರಿತ್ರ್ಯಕ್ಕೇ ಕೈ ಹಾಕುತ್ತದೆ.

ಸರಿ, ‘ರೂಢಿ’ ಅಥವಾ ‘ಅಭ್ಯಾಸ’ ಅನ್ನೋಣ ಎಂದುಕೊಂಡೆ. ಅಲ್ಲೂ ತೊಡಕಿದೆ. 1950ರ ದಶಕದಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯವರಿಗೆ ಒಂದು ಒಗಟು ಎದುರಾಯಿತು. ಕ್ಷಯ ಇದೆಯಾ ಅಂತ ನೋಡಲು ಎಕ್ಸ್‌ರೇ ಗಾಡಿಯನ್ನು ಮನೆ ಹತ್ತಿರವೇ ತಂದು ನಿಲ್ಲಿಸಿದರೂ ಎಷ್ಟೋ ಜನ ಬರಲಿಲ್ಲ. ಯಾಕೆ ಬರಲಿಲ್ಲ ಅಂತ ಹುಡುಕುತ್ತಾ ಹೋದಾಗಲೇ ‘ಹೆಲ್ತ್ ಬಿಲೀಫ್ ಮಾಡೆಲ್’ ಹುಟ್ಟಿದ್ದು. ನನಗೆ ಆ ರೋಗ ಬರಬಹುದು, ಬಂದರೆ ಕಷ್ಟ, ಹೀಗೆ ಮಾಡಿದರೆ ಉಪಯೋಗವಿದೆ, ಅದಕ್ಕೆ ತೆರುವ ತೊಂದರೆ ದೊಡ್ಡದಲ್ಲ ಅಂತ ಅನ್ನಿಸಿದರೆ ಜನ ಹೆಜ್ಜೆ ಇಡುತ್ತಾರೆ ಅನ್ನುವುದು ಅದರ ತಿರುಳು. ಈಗ ಹೇಳಿ, ಒಂದು ಸಲ ಹೋಗಿ ಎಕ್ಸ್‌ರೇ ತೆಗೆಸಿಕೊಂಡು ಬರುವುದು ರೂಢಿಯೇ? ಮಗುವಿಗೆ ದಡಾರದ ಲಸಿಕೆ ಹಾಕಿಸುವುದು ಅಭ್ಯಾಸವೇ? ಅಲ್ಲ. ಆದರೂ ಅವೆಲ್ಲ ಇದೇ ಬುಟ್ಟಿಗೆ ಬೀಳುತ್ತವೆ.

ಹಾಗಾಗಿ ‘ನಡೆ’ ಅಂತ ಬಳಸಿದರೆ ಹೇಗೆ? ನಡೆ-ನುಡಿಯ ನಡೆ. ಒಂದೇ ಸಲದ್ದಕ್ಕೂ ಒಗ್ಗುತ್ತದೆ, ದಿನನಿತ್ಯದ್ದಕ್ಕೂ ಒಗ್ಗುತ್ತದೆ. ಇರುವ ಒಂದೇ ಅಳುಕು ಅಂದರೆ, ಪತ್ರಿಕೆಗಳು ಇದನ್ನು ರಾಜಕಾರಣಿಗಳಿಗೆ ಬರೆದುಕೊಟ್ಟುಬಿಟ್ಟಿವೆ. ‘ಮುಂದಿನ ನಡೆ ಏನು?’

ಹೆಲ್ತ್ ಪ್ರಮೋಷನ್ ಇನ್ನೂ ಗೋಜಲು. ಕಂಪ್ಯೂಟರಿಗೆ ಕೊಟ್ಟೆ, ಅದು ‘ಆರೋಗ್ಯ ಬಡ್ತಿ’ ಅಂತ ಕೊಟ್ಟಿತು. ಗುಮಾಸ್ತೆ ಆಗಿದ್ದ ಆರೋಗ್ಯ ಮ್ಯಾನೇಜರ್ ಆದ ಹಾಗೆ! ‘ಆರೋಗ್ಯ ಪ್ರಚಾರ’ ಅನ್ನುವವರು ಜಾಸ್ತಿ. ಪ್ರಚಾರ ಅಂದ ಕೂಡಲೇ ನನ್ನ ಕಣ್ಣಿಗೆ ಕಾಣುವುದು ಮೈಕ್ ಕಟ್ಟಿದ ಆಟೋ. ಹೆಲ್ತ್ ಪ್ರಮೋಷನ್ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯ ಸಮ್ಮೇಳನದಲ್ಲಿ ಒಪ್ಪಿದ 1986ರ ಒಟ್ಟಾವ ಸನ್ನದು ಹೇಳುವುದೇ ಬೇರೆ. ಜನ ತಮ್ಮ ಆರೋಗ್ಯದ ಮೇಲೆ ತಾವೇ ಹೆಚ್ಚು ಹಿಡಿತ ಸಾಧಿಸಿ, ಅದನ್ನು ಸುಧಾರಿಸಿಕೊಳ್ಳುವ ಹಾಗೆ ಮಾಡುವ ಕೆಲಸ ಅದು. ಡೆಂಗಿಯನ್ನೇ ತಗೊಳ್ಳಿ. ವಾರಕ್ಕೊಮ್ಮೆ ಡ್ರಮ್ಮು ಖಾಲಿ ಮಾಡಿ ಉಜ್ಜಿ ತೊಳೆಯಿರಿ ಅಂತ ಕೂಗುವುದು ಪ್ರಚಾರ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಬೇಕು, ಅದಕ್ಕೇ ಆ ಲೆಕ್ಕ. ಆದರೆ ನಲ್ಲಿಯಲ್ಲಿ ನಾಲ್ಕು ದಿನಕ್ಕೊಮ್ಮೆ ನೀರು ಬರುವ ಬೀದಿಯಲ್ಲಿ ತುಂಬಿದ ಡ್ರಮ್ಮನ್ನು ಯಾರು ಚೆಲ್ಲುತ್ತಾರೆ? ಅಲ್ಲಿ ದಿನಾ ನೀರು ಬಿಡುವುದೂ ಪ್ರಮೋಷನ್ನೇ, ಡ್ರಮ್ಮಿಗೆ ಸರಿಯಾದ ಮುಚ್ಚಳ ಒದಗಿಸುವುದೂ ಪ್ರಮೋಷನ್ನೇ. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಅಂತ ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಇಟ್ಟಿತು. ಕಾನೂನು ಮಾಡುವುದನ್ನೂ ಪ್ರಮೋಷನ್ ಅನ್ನುವ ಹೆಸರಿನಡಿ ಸೇರಿಸುತ್ತಾರೆ. ದಂಡವನ್ನು ‘ಪ್ರಚಾರ’ ಅನ್ನೋಕಾಗಲ್ಲವಲ್ಲ.

‘ವರ್ಧನೆ’ ತಪ್ಪಲ್ಲ, ಆದರೆ ಟಾನಿಕ್ ಬಾಟಲಿಯ ವಾಸನೆ ಹೊಡೆಯುತ್ತದೆ. ‘ಪೋಷಣೆ’ ಅಂದರೆ ಅಂಗನವಾಡಿಯ ಮೊಟ್ಟೆ ಅಂದುಕೊಳ್ಳುತ್ತಾರೆ. ‘ಏಳಿಗೆ’ ನನಗೆ ಇಷ್ಟ. ‘ಆರೋಗ್ಯದ ಏಳಿಗೆ’ ಕಿವಿಗೆ ಹಿತವಾಗಿದೆ, ಆದರೆ ಮಾಡುವವರು ಯಾರು ಅನ್ನುವುದು ಅದರಲ್ಲಿ ಕಾಣುವುದಿಲ್ಲ.

ನಡುವೆ ಇನ್ನೊಂದು ತಮಾಷೆ. ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನದಲ್ಲಿ, ಆರೋಗ್ಯ ಅಂದರೆ ಬರೀ ರೋಗವಿಲ್ಲದ ಸ್ಥಿತಿಯಲ್ಲ ಅಂತ ಇದೆ. ನಮ್ಮ ‘ಆರೋಗ್ಯ’ ಅನ್ನುವ ಪದ ಹುಟ್ಟಿರುವುದೇ ‘ಅರೋಗ’ದಿಂದ, ಅಂದರೆ ರೋಗ ಇಲ್ಲದ್ದರಿಂದ. ಆ ವಾಕ್ಯವನ್ನು ಕನ್ನಡಕ್ಕೆ ತಂದರೆ ಅದು ತನ್ನ ಜೊತೆ ತಾನೇ ಜಗಳಕ್ಕೆ ನಿಲ್ಲುತ್ತದೆ. ಅದರ ಮುಂದೆ ಪಾರಸಿಯಿಂದ ಬಂದ ‘ಹುಷಾರು’ ಎಷ್ಟು ಚೆನ್ನಾಗಿದೆ ನೋಡಿ. ‘ಹುಷಾರಾಗಿದ್ದೀರಾ?’ ಅಂದರೆ ಮೈ ಚೆನ್ನಾಗಿದೆಯಾ ಅಂತ. ‘ಹುಷಾರಾಗಿ ಹೋಗಿ’ ಅಂದರೆ ಜೋಪಾನ ಅಂತ. ಆರೋಗ್ಯವೂ ನಡೆಯೂ ಒಂದೇ ಪದದಲ್ಲಿ!

ಕೈಪಿಡಿ ಮುಂದಿನ ತಿಂಗಳು ಅಚ್ಚಿಗೆ ಹೋಗಬೇಕು. ಧಾರವಾಡ, ಕಲಬುರಗಿ ಕಡೆಯವರು ದಯವಿಟ್ಟು ಹೇಳಿ, ನಿಮ್ಮಲ್ಲಿ ‘ವರ್ತನೆ’ಗೆ ಹಾಲಿನ ಅರ್ಥ ಇದೆಯಾ? ‘ನಡೆ’ ಅಂದರೆ ಹೆಂಗಸರಿಗೆ ತಟ್ಟನೆ ಏನು ಹೊಳೆಯುತ್ತದೆ? ಕರಾವಳಿಯವರೂ ಹೇಳಿ. ಪ್ರಮೋಷನ್‌ಗೆ ಯಾರ ಹತ್ತಿರವಾದರೂ ಒಳ್ಳೆಯ ಪದ ಇದ್ದರೆ ತಕ್ಷಣ ಕಳಿಸಿ. ಸಿಗದಿದ್ದರೆ ಸುಮ್ನೆ ‘ಆರೋಗ್ಯ ಹೆಚ್ಚಿಸುವ ಕೆಲಸ’ ಅಂತ ಬಿಡಿಸಿ ಬರೆದುಬಿಡುತ್ತೇನೆ.