ಹಳೇ ಫೋನಿನ ಬ್ಯಾಟರಿ ಊದಿಕೊಂಡಿದೆ, ಏನು ಮಾಡಲಿ?

ಮಳೆಹನಿ:
ಎಲ್ಲರಿಗೂ ನಮಸ್ಕಾರ. ನಿನ್ನೆ ಬೀರು ಕ್ಲೀನ್ ಮಾಡುವಾಗ ಎರಡು ವರ್ಷದಿಂದ ಮುಟ್ಟದೇ ಇದ್ದ ಫೋನ್ ಸಿಕ್ಕಿತು. ಟೇಬಲ್ ಮೇಲೆ ಇಟ್ಟರೆ ನೆಟ್ಟಗೆ ಕೂರುತ್ತಿಲ್ಲ, ಬುಗುರಿ ಥರ ತಿರುಗುತ್ತಿದೆ. ಹಿಂದಿನ ಕವರ್ ಒಂದು ಕಡೆ ಎದ್ದು ಬಂದಿದೆ, ಸಂದಿಯಲ್ಲಿ ನೋಡಿದರೆ ಬ್ಯಾಟರಿ ದಿಂಬಿನ ಹಾಗೆ ಊದಿದೆ. ಮಗ ಹುಟ್ಟಿದ ಮೊದಲ ವರ್ಷದ ಫೋಟೊಗಳೆಲ್ಲ ಅದರಲ್ಲೇ ಇವೆ. ಒಂದೇ ಒಂದು ಸಲ ಚಾರ್ಜ್‌ಗೆ ಹಾಕಿ ತೆಗೆದುಕೊಳ್ಳಬಹುದಾ? ಸೂಜಿಯಲ್ಲಿ ಚುಚ್ಚಿ ಗಾಳಿ ಬಿಟ್ಟರೆ ಸರಿಹೋಗುತ್ತದೆ ಅಂತ ಪರಿಚಯದವರೊಬ್ಬರು ಹೇಳಿದರು. ಮನೆಯಲ್ಲಿ ಸಣ್ಣ ಮಗು ಇದೆ, ಅದಕ್ಕೇ ಭಯ.

ಬೆಸುಗೆಕಡ್ಡಿ:
ಮೊದಲು ಸೂಜಿ ಎತ್ತಿಡಿ. ದಯವಿಟ್ಟು ಚುಚ್ಚಬೇಡಿ, ಒತ್ತಬೇಡಿ, ಕವರ್ ಅಮುಕಿ ಕೂರಿಸಲೂ ಹೋಗಬೇಡಿ.

ನಾನು ಫೋನ್ ರಿಪೇರಿ ಮಾಡುವವನು. ಒಳಗೆ ಇರುವುದು ಗಾಳಿ ಅಲ್ಲ. ಬ್ಯಾಟರಿ ಒಳಗಿನ ಎಲೆಕ್ಟ್ರೊಲೈಟ್ ದ್ರವ ಕೆಟ್ಟು ಗ್ಯಾಸ್ ಆಗಿದೆ, ಅದಕ್ಕೆ ಬೆಂಕಿ ಹತ್ತಿಕೊಳ್ಳುವ ಗುಣ ಇದೆ. ಪ್ಲಸ್ಸು ಮೈನಸ್ಸು ಎರಡರ ನಡುವೆ ಕೂದಲಿಗಿಂತ ತೆಳುವಾದ ಒಂದು ಪ್ಲಾಸ್ಟಿಕ್ ಹಾಳೆ ಇರುತ್ತದೆ, ಅಷ್ಟೇ. ಅದು ಹರಿದರೆ ಒಳಗೇ ಶಾರ್ಟ್ ಆಗಿ ಬಿಸಿ ಏರುತ್ತದೆ, ಆ ಬಿಸಿಗೆ ಇನ್ನಷ್ಟು ರಾಸಾಯನಿಕ ಒಡೆದು ಮತ್ತೂ ಬಿಸಿ, ಹೀಗೆ ಒಂದಕ್ಕೊಂದು ಏರಿಸಿಕೊಂಡು ಹೋಗುತ್ತದೆ, ಮಧ್ಯದಲ್ಲಿ ನಿಲ್ಲಿಸುವುದು ಬಹಳ ಕಷ್ಟ. ಥರ್ಮಲ್ ರನ್‌ಅವೇ ಅನ್ನುವುದು ಇದಕ್ಕೇ.

ನನ್ನ ಕೈಯಲ್ಲೇ ಒಮ್ಮೆ ಆಗಿದೆ. ಅಂಟಿಕೊಂಡಿದ್ದ ಬ್ಯಾಟರಿಯನ್ನು ಲೋಹದ ಪಟ್ಟಿಯಿಂದ ಎಬ್ಬಿಸುತ್ತಿದ್ದೆ, ಮೂಲೆ ಸ್ವಲ್ಪ ಮಡಚಿತು. ಮೊದಲು ನೇಲ್ ಪಾಲಿಶ್ ಥರ ಸಿಹಿ ವಾಸನೆ. ಆಮೇಲೆ ಸುಸ್ ಅಂತ ಸದ್ದು. ಕೈ ಹಿಂದೆ ತೆಗೆಯುವಷ್ಟರಲ್ಲಿ ಬಿಳಿ ಹೊಗೆ. ಪಕ್ಕದಲ್ಲೇ ಮರಳಿನ ಬಕೆಟ್ ಇತ್ತು, ಇಕ್ಕಳದಲ್ಲಿ ಅದರೊಳಗೆ ತಳ್ಳಿದೆ. ಅವತ್ತಿಂದ ಪ್ಲಾಸ್ಟಿಕ್ ಪಟ್ಟಿ ಬಿಟ್ಟು ಬೇರೆ ಏನೂ ಬಳಸಿಲ್ಲ.

ಚಾರ್ಜ್‌ಗಂತೂ ಹಾಕಲೇಬೇಡಿ, ಒಂದು ಸಲವೂ ಬೇಡ. ಫೋಟೊ ಬಗ್ಗೆ ಹೆದರಬೇಡಿ. ಅವು ಇರುವುದು ಬೋರ್ಡ್ ಮೇಲಿನ ಮೆಮೊರಿ ಚಿಪ್‌ನಲ್ಲಿ, ಬ್ಯಾಟರಿಗೂ ಅದಕ್ಕೂ ಸಂಬಂಧ ಇಲ್ಲ. ಬೋರ್ಡ್ ಚೆನ್ನಾಗಿದ್ದರೆ ರಿಪೇರಿಯವರು ಬೇರೆ ಬ್ಯಾಟರಿ ಹಾಕಿ ಆನ್ ಮಾಡಿಕೊಡುತ್ತಾರೆ. ತೆಗೆದುಕೊಂಡು ಹೋಗುವ ಮುಂಚೆ ಫೋನ್ ಮಾಡಿ, ಊದಿದ ಬ್ಯಾಟರಿ ಅಂತ ಹೇಳಿಬಿಡಿ. ಜೇಬಿನಲ್ಲಿ ಇಟ್ಟುಕೊಳ್ಳಬೇಡಿ. ತೆಗೆದ ಬ್ಯಾಟರಿ ಇ-ತ್ಯಾಜ್ಯಕ್ಕೇ ಹೋಗಬೇಕು. ಕಸದ ಬುಟ್ಟಿಗೆ ಹಾಕಿದರೆ ಕಸ ಒತ್ತುವ ಗಾಡಿಯಲ್ಲಿ ಜಜ್ಜಿ ಹೋಗಿ ಅಲ್ಲಿ ಹೊತ್ತಿಕೊಳ್ಳುತ್ತದೆ, ಕೆಲಸ ಮಾಡುವವರ ಜೀವದ ಪ್ರಶ್ನೆ ಅದು.

ಕಿಟಕಿಪಕ್ಕ:
ಲಿಥಿಯಂಗೆ ನೀರು ತಾಗಬಾರದು ಅಂತ ಶಾಲೆಯಲ್ಲಿ ಓದಿದ ನೆನಪು. ಹಾಗಾದರೆ ಬೆಂಕಿ ಬಿದ್ದರೆ ನೀರು ಹಾಕಬಾರದು ಅಲ್ವಾ?

ಬೆಸುಗೆಕಡ್ಡಿ:
ಒಳ್ಳೇ ಪ್ರಶ್ನೆ. ಶಾಲೆಯಲ್ಲಿ ಹೇಳಿದ್ದು ಲಿಥಿಯಂ ಲೋಹದ ಬಗ್ಗೆ. ಫೋನ್, ಲ್ಯಾಪ್‌ಟಾಪ್, ಪವರ್ ಬ್ಯಾಂಕ್‌ನಲ್ಲಿ ಇರುವುದು ಲಿಥಿಯಂ-ಅಯಾನ್. ಅದಕ್ಕೆ ಬೇಕಾಗಿರುವುದೇ ತಂಪು, ನೀರು ಜಾಸ್ತಿ ಸುರಿದಷ್ಟೂ ಒಳ್ಳೆಯದು. ಚಾರ್ಜರ್‌ನಲ್ಲಿದ್ದರೆ ಮೊದಲು ಮೇನ್ ಸ್ವಿಚ್ ಆಫ್ ಮಾಡಬೇಕು. ಜ್ವಾಲೆ ಆರಿದ ಮೇಲೂ ಮತ್ತೆ ಹೊತ್ತಿಕೊಳ್ಳಬಹುದು, ಹತ್ತಿರ ಹೋಗಿ ಬಗ್ಗಿ ನೋಡಬೇಡಿ. ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಇರುತ್ತದೆ, ಅದು ವಿಷ. ಬೆಂಕಿ ಕೈಮೀರುತ್ತಿದೆ ಅನ್ನಿಸಿದರೆ ಎಲ್ಲರನ್ನೂ ಹೊರಗೆ ಕರೆದುಕೊಂಡು ಬಂದು, ಬಾಗಿಲು ಎಳೆದು, ಅಗ್ನಿಶಾಮಕದವರನ್ನು ಕರೆಯಿರಿ.

ಇಬ್ಬರ ಅಮ್ಮ:
ಸಣ್ಣ ಮಗು ಇದೆ ಅಂದಿರಿ, ಅದಕ್ಕೇ ಬರೆಯುತ್ತಿದ್ದೇನೆ. ಫೋನಿಗಿಂತ ನನಗೆ ಭಯ ಬಟನ್ ಸೆಲ್‌ದು, ಅದೇ ರಿಮೋಟ್‌ಗೆ ಹಾಕುವ ನಾಣ್ಯದಂಥ ಸಣ್ಣ ಬ್ಯಾಟರಿ. ನನ್ನ ಮಗಳಿಗೆ ಆಗ ಎರಡು ವರ್ಷ. ಸ್ವಲ್ಪ ಕೆಮ್ಮು, ಜೊಲ್ಲು ಜಾಸ್ತಿ, ಊಟ ಬೇಡ ಅನ್ನುತ್ತಿದ್ದಳು. ನೆಗಡಿ ಅಂದುಕೊಂಡು ಸುಮ್ನೆ ಇದ್ದೆ. ಸೋಫಾ ಕೆಳಗೆ ರಿಮೋಟ್ ಬಾಯಿ ತೆರೆದು ಬಿದ್ದಿದ್ದು ನೋಡಿದ ಮೇಲೆ ಎದೆ ಧಸಕ್ಕೆಂದಿತು. ಎಕ್ಸ್‌ರೇಯಲ್ಲಿ ದುಂಡಗೆ ಕಾಣಿಸಿತು, ಅಂಚಿನಲ್ಲಿ ಒಂದರೊಳಗೊಂದು ಎರಡು ಉಂಗುರ. ನಾಣ್ಯವಾದರೆ ಹಾಗಿರುವುದಿಲ್ಲ ಅಂತ ಡಾಕ್ಟರ್ ತೋರಿಸಿದರು. ತಕ್ಷಣ ತೆಗೆದರು, ಉಳಿದುಕೊಂಡಳು.

ಬಟನ್ ಸೆಲ್ ಮೇಲೆ ಸಿಆರ್ 2032 ಅಂತ ಬರೆದಿದ್ದರೆ 20 ಮಿಲಿಮೀಟರ್ ಅಗಲ, 3 ವೋಲ್ಟ್. ಆ ಅಳತೆಯದು ಮಗುವಿನ ಅನ್ನನಾಳದಲ್ಲೇ ಸಿಕ್ಕಿಕೊಳ್ಳಬಹುದು. ಒದ್ದೆ ಜಾಗದಲ್ಲಿ ಕರೆಂಟ್ ಹರಿದು ಅಲ್ಲೇ ಕ್ಷಾರ ಹುಟ್ಟುತ್ತದೆ, 2 ಗಂಟೆಯೊಳಗೇ ಸುಟ್ಟ ಗಾಯ ಆಳಕ್ಕೆ ಹೋಗಬಹುದು. ರಿಮೋಟ್‌ಗೆ ಸಾಲದೆ ತೆಗೆದಿಟ್ಟ ಸೆಲ್‌ನಲ್ಲೂ ಅಷ್ಟು ಶಕ್ತಿ ಉಳಿದಿರುತ್ತದೆ. ನುಂಗಿದೆ ಅಂತ ಅನುಮಾನ ಬಂದರೂ ಸಾಕು, ನೇರ ದೊಡ್ಡ ಆಸ್ಪತ್ರೆಗೆ ಓಡಿ. ವಾಂತಿ ಮಾಡಿಸಬೇಡಿ. ಮಗುವಿಗೆ ಒಂದು ವರ್ಷ ದಾಟಿದ್ದರೆ, ನುಂಗಿ 12 ಗಂಟೆ ಆಗಿಲ್ಲದಿದ್ದರೆ, ದಾರಿಯಲ್ಲಿ 10 ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನುತುಪ್ಪ ಕೊಡಬಹುದು, ಆರು ಸಲದವರೆಗೆ. ಅದು ಸುಡುವುದನ್ನು ತಡ ಮಾಡುತ್ತದೆ, ಅಷ್ಟೇ. ಜೇನು ಹುಡುಕಿಕೊಂಡು ನಿಲ್ಲಬೇಡಿ. ಮೂಗಿಗೆ, ಕಿವಿಗೆ ಹಾಕಿಕೊಂಡರೂ ಇಷ್ಟೇ ಅವಸರ.

ತಂತಿಗಂಟು:
ಒಂದು ಮಾತು ಸೇರಿಸುತ್ತೇನೆ. ಚೌಕಾಕಾರದ 9 ವೋಲ್ಟ್ ಬ್ಯಾಟರಿಗೆ ಎರಡೂ ತುದಿ ಒಂದೇ ಕಡೆ ಇರುತ್ತವೆ. ಡ್ರಾಯರ್‌ನಲ್ಲಿ ಕೀ, ಕ್ಲಿಪ್, ಪಾತ್ರೆ ಉಜ್ಜುವ ಸ್ಟೀಲ್ ನಾರು ತಾಗಿದರೆ ಬೆಂಕಿಯೇ. ತುದಿಗೆ ಟೇಪ್ ಅಂಟಿಸಿ ಇಡಿ.

ಮಳೆಹನಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಫೋನನ್ನು ಸ್ಟೀಲ್ ಡಬ್ಬಿಯಲ್ಲಿ ಮರಳು ಹಾಕಿ ಬಾಲ್ಕನಿಯಲ್ಲಿ ಇಟ್ಟಿದ್ದೇನೆ, ನಾಳೆ ರಿಪೇರಿಯವರ ಹತ್ತಿರ ಹೋಗುತ್ತೇನೆ. ಇಬ್ಬರ ಅಮ್ಮ, ನಿಮ್ಮದು ಓದಿದ ತಕ್ಷಣ ಎದ್ದು ಹೋಗಿ ಮನೆಯ ರಿಮೋಟ್‌ಗಳನ್ನು ನೋಡಿದೆ. ಒಂದರ ಕವರ್‌ಗೆ ಸ್ಕ್ರೂ ಇಲ್ಲ, ಉಗುರಿಗೇ ತೆರೆದುಕೊಳ್ಳುತ್ತದೆ. ಟೇಪ್ ಸುತ್ತಿ ಮಗುವಿಗೆ ಸಿಗದ ಹಾಗೆ ಮೇಲಿಟ್ಟೆ.

ಬೆಸುಗೆಕಡ್ಡಿ:
ಡಬ್ಬಿ ಮುಚ್ಚಳ ಬಿಗಿ ಮಾಡಿಲ್ಲ ತಾನೇ? ಗ್ಯಾಸ್ ಹೊರಗೆ ಹೋಗಲು ಜಾಗ ಬೇಕು. ಬೆಳಗ್ಗೆ ಬಾಲ್ಕನಿಗೆ ಬಿಸಿಲು ಬರುವುದಾದರೆ ಈಗಲೇ ನೆರಳಿಗೆ ಸರಿಸಿ.