ಗ್ಲ್ಯಾಂಡ್ ರೋಪ್ ತೆಗೆದು ಮೆಕ್ಯಾನಿಕಲ್ ಸೀಲ್ ಹಾಕಿದ ಮೇಲೆ ಪಂಪ್ ಅದುರುತ್ತಿದೆ, ಈಗ ಸೋರಲೂ ಶುರುವಾಗಿದೆ

ಹಳ್ಳದ ದಂಡೆ:
ತೀರ್ಥಹಳ್ಳಿ ತಾಲ್ಲೂಕು, ಅಡಿಕೆ ತೋಟ. ಹಳ್ಳದಿಂದ ಗುಡ್ಡದ ಮೇಲಿನ ತೊಟ್ಟಿಗೆ ನೀರೆತ್ತುವ 7.5 ಎಚ್‌ಪಿ ಪಂಪ್, 2900 ಆರ್‌ಪಿಎಂ. ಮೊನೊಬ್ಲಾಕ್ ಅಲ್ಲ, ಮೋಟರ್ ಬೇರೆ, ನಡುವೆ ಕಪ್ಲಿಂಗ್. ಹಳ್ಳದ ನೀರಿನಿಂದ ಪಂಪಿಗೆ ಸುಮಾರು 4 ಮೀಟರ್ ಎತ್ತರ. ಇಂಪೆಲ್ಲರಿನ (ಒಳಗೆ ತಿರುಗಿ ನೀರು ತಳ್ಳುವ ಚಕ್ರ) ಹಿಂಬದಿಯಲ್ಲಿ ನಾಲ್ಕು ತೂತುಗಳಿವೆ.

ಮೊದಲು ನೀರು ಸೋರದಂತೆ ಶಾಫ್ಟಿನ ಸುತ್ತ ತುರುಕುವ ಹಗ್ಗ, ಅಂದರೆ ಗ್ಲ್ಯಾಂಡ್ ರೋಪ್ ಇತ್ತು, ಸದಾ ತೊಟ್ಟಿಕ್ಕುತ್ತಿತ್ತು. ಅದನ್ನು ತೆಗೆದು 35 ಮಿ.ಮೀ. ಮೆಕ್ಯಾನಿಕಲ್ ಸೀಲ್ (ಕಾರ್ಬನ್ ಮತ್ತು ಸೆರಾಮಿಕ್ ಉಂಗುರಗಳ ಮುಖ ಒಂದಕ್ಕೊಂದು ಒತ್ತಿ ನೀರು ತಡೆಯುವಂಥದ್ದು, ಒಂದೇ ಸ್ಪ್ರಿಂಗ್) ಹಾಕಿಸಿದೆ. ಸೋರುವುದು ನಿಂತಿತು, ಆದರೆ ಅದೇ ದಿನದಿಂದ ಅದುರು ಜಾಸ್ತಿ. ಮೂರು ವಾರಕ್ಕೆ ಸೀಲಿನಿಂದಲೇ ನೀರು ಚಿಮ್ಮುತ್ತಿದೆ. ಡೆಲಿವರಿಯಿಂದ ಗ್ಲ್ಯಾಂಡಿಗೆ ಬರುತ್ತಿದ್ದ ಸಣ್ಣ ಟ್ಯೂಬನ್ನು ಇನ್ನು ಬೇಡವೆಂದು ಪ್ಲಗ್ ಹಾಕಿ ಮುಚ್ಚಿದ್ದಾರೆ. ಸೀಲೇ ಕಳಪೆಯೋ, ಕೂರಿಸಿದ್ದು ತಪ್ಪೋ?

ಲೇತ್ ಮೇಜು:
ಸೀಲನ್ನು ಬಯ್ಯುವ ಮೊದಲು ಶಾಫ್ಟ್ ನೋಡಿ. ಗ್ಲ್ಯಾಂಡ್ ರೋಪ್ ನೀರು ತಡೆಯುವುದರ ಜೊತೆಗೆ ಇನ್ನೊಂದು ಕೆಲಸ ಮಾಡುತ್ತಿರುತ್ತದೆ. ನಾಲ್ಕೈದು ಸುತ್ತು ರೋಪ್ ಸ್ಲೀವನ್ನು (ಶಾಫ್ಟಿನ ಮೇಲೆ ಹಾಕಿದ ಕೊಳವೆ) ಸುತ್ತಲಿಂದ ಅಪ್ಪಿ ಹಿಡಿದು, ಮೆತ್ತನೆಯ ಬೇರಿಂಗಿನ ಹಾಗೆ ಆಸರೆ ಕೊಡುತ್ತದೆ, ಅದುರನ್ನು ನುಂಗುತ್ತದೆ. ಮೆಕ್ಯಾನಿಕಲ್ ಸೀಲ್ ಶಾಫ್ಟನ್ನು ಹಿಡಿಯುವುದೇ ಇಲ್ಲ. ರೋಪ್ ತೆಗೆದ ಕೂಡಲೇ, ಅಲ್ಲಿಯ ತನಕ ಮುಚ್ಚಿಕೊಂಡಿದ್ದ ಬಾಗು, ಸವೆದ ಬೇರಿಂಗ್, ಬ್ಯಾಲೆನ್ಸ್ ತಪ್ಪಿದ ಇಂಪೆಲ್ಲರ್ ಎಲ್ಲ ಹೊರಗೆ ಕಾಣುತ್ತವೆ.

ಇನ್ನೊಂದು ಆಸರೆ ವೇರ್ ರಿಂಗ್, ಅಂದರೆ ಇಂಪೆಲ್ಲರಿನ ಸುತ್ತ ಸಣ್ಣ ಸಂದಿ ಬಿಟ್ಟು ಕೂರಿಸುವ, ಸವೆದರೆ ಬದಲಿಸುವ ಬಳೆ. ಇಂಪೆಲ್ಲರ್ ಕಣ್ಣಿನ (ನೀರು ಒಳಹೋಗುವ ಬಾಯಿ) ಸುತ್ತ ಆ ಸಂದಿಯಲ್ಲಿ ಒತ್ತಡದಿಂದ ನುಗ್ಗುವ ನೀರು ಶಾಫ್ಟನ್ನು ಮಧ್ಯಕ್ಕೆ ತಳ್ಳುತ್ತಿರುತ್ತದೆ. ಲೊಮಾಕಿನ್ ಪರಿಣಾಮ ಎನ್ನುವುದು ಇದನ್ನೇ. ಹೊಸದರಲ್ಲಿ ವ್ಯಾಸದ ಲೆಕ್ಕದಲ್ಲಿ 0.3 ಮಿ.ಮೀ. ಆಸುಪಾಸು ಇರುವ ಸಂದಿ ಮರಳು ನೀರಿಗೆ ಸವೆದು ಎರಡು ಪಟ್ಟಾದರೆ, ಒಳಗೊಳಗೇ ಹಿಂದಕ್ಕೆ ಹೋಗುವ ನೀರೂ ಹೆಚ್ಚು, ಈ ಆಸರೆಯೂ ಕಡಿಮೆ. ಹೊರಗೆ ಒಂದು ಹನಿ ಕಾಣದಿದ್ದರೂ ತೊಟ್ಟಿ ತುಂಬಲು ಹೆಚ್ಚು ಹೊತ್ತು ಹಿಡಿಯುತ್ತದೆ.

ಕೇಸಿಂಗ್ ಬಿಚ್ಚಿ, ಸೀಲ್ ಕೂರುವ ಜಾಗಕ್ಕೆ ಡಯಲ್ ಗೇಜ್ ಇಟ್ಟು ಕೈಯಲ್ಲಿ ತಿರುಗಿಸಿ. ಮುಳ್ಳಿನ ಒಟ್ಟು ಓಡಾಟ 0.05 ಮಿ.ಮೀ. ದಾಟಬಾರದು. ಆಮೇಲೆ ಶಾಫ್ಟನ್ನು ಮೇಲೆ–ಕೆಳಗೆ ಎತ್ತಿ ನೋಡಿ, ಬೇರಿಂಗ್ ಆಟ ಗೊತ್ತಾಗುತ್ತದೆ. ಹಿಂದೆ–ಮುಂದೆ ಆಟ 0.1ರ ಒಳಗಿರಲಿ. ಸೀಲ್ ಪ್ಲೇಟ್ ಶಾಫ್ಟಿಗೆ ನೇರ 90 ಡಿಗ್ರಿಯಲ್ಲಿ ಕೂತಿದೆಯೇ ಎಂದೂ ನೋಡಿ. ಓರೆಯಾಗಿದ್ದರೆ ಸ್ಪ್ರಿಂಗ್ ಪ್ರತಿ ಸುತ್ತಿಗೂ ಒಮ್ಮೆ ಹಿಂದೆ–ಮುಂದೆ ಆಡಬೇಕು, ಅಂದರೆ ಸೆಕೆಂಡಿಗೆ 48 ಸಲ. ಯಾವ ರಬ್ಬರೂ ಅದನ್ನು ಬಹಳ ದಿನ ತಾಳುವುದಿಲ್ಲ.

ಸ್ಲೀವ್ 35 ಇದೆಯೆಂದು ಶಾಫ್ಟ್ 35ರಷ್ಟು ಗಟ್ಟಿ ಎಂದುಕೊಳ್ಳಬೇಡಿ. ಒಳಗೆ 28 ಇರಬಹುದು. ಬಾಗು ವ್ಯಾಸದ ನಾಲ್ಕನೇ ಘಾತಕ್ಕೆ ವಿಲೋಮ. 35ಕ್ಕಿಂತ 28ರ ಶಾಫ್ಟ್ ಸುಮಾರು 2.4 ಪಟ್ಟು ಹೆಚ್ಚು ಬಾಗುತ್ತದೆ.

ಪಂಪ್‌ಮನೆ:
ಮೇಲಿನವರ ಮಾತು ಸರಿ. ಆದರೆ ಮೂರೇ ವಾರಕ್ಕೆ ಸೋರಿದ್ದಕ್ಕೆ ಆ ಪ್ಲಗ್ಗೇ ದೊಡ್ಡ ಕಾರಣ ಮಾರಾಯ್ರೇ. ಇಂಪೆಲ್ಲರಿಗೆ ತೂತುಗಳಿರುವುದರಿಂದ ಸೀಲ್ ಕೂರುವ ಪೆಟ್ಟಿಗೆಯ ಒತ್ತಡ ಹೆಚ್ಚುಕಡಿಮೆ ಸಕ್ಷನ್ನಿನಷ್ಟೇ (ನೀರೆಳೆಯುವ ಬದಿ). 4 ಮೀಟರ್ ಎಳೆಯುವ ಪಂಪಿನಲ್ಲಿ ಅದು ಹೊರಗಿನ ಗಾಳಿಗಿಂತ ಕಡಿಮೆ ಇರುತ್ತದೆ. ಆ ಟ್ಯೂಬಿನ ನೀರೇ ಒಳಗೆ ಗಾಳಿ ನುಗ್ಗದಂತೆ ಕಾಯುತ್ತಿತ್ತು. ಈಗ ಪೆಟ್ಟಿಗೆಯ ಮೇಲ್ಭಾಗದಲ್ಲಿ ಗಾಳಿ ನಿಂತು ಸೀಲಿನ ಮುಖಗಳು ಒಣಗಿ ಉಜ್ಜುತ್ತವೆ. ಎರಡು ಮುಖಗಳ ನಡುವೆ ಇರಬೇಕಾದ ನೀರಿನ ಪದರ ಸುಮಾರು ಒಂದು ಮೈಕ್ರಾನ್, ಅಷ್ಟೇ. ಅದು ಹೋದರೆ ಸೆರಾಮಿಕ್ ಬಿಸಿಯೇರುತ್ತದೆ, ಆಮೇಲೆ ತಣ್ಣೀರು ತಾಗಿದಾಗ ಬಿರುಕು ಬಿಡುತ್ತದೆ.

ಸೀಲ್ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ. ಸೆರಾಮಿಕ್ ಮೇಲೆ ನಡುವಿನಿಂದ ಅಂಚಿನ ಕಡೆಗೆ ಕೂದಲೆಳೆಯಂಥ ಬಿರುಕು ಇದ್ದರೆ ಒಣಗಿ ಓಡಿದೆ. ಉಜ್ಜಿದ ಗುರುತು ಕಾರ್ಬನ್ನಿನ ಅಗಲಕ್ಕಿಂತ ಅಗಲವಿದ್ದರೆ ಶಾಫ್ಟ್ ಆಡುತ್ತಿದೆ. ಎರಡೂ ಇದ್ದರೆ ಎರಡೂ ಕಾಯಿಲೆ. ಮುಖಗಳು ಚೆನ್ನಾಗಿಯೇ ಇದ್ದು ನೀರು ಬರುತ್ತಿದ್ದರೆ ಸ್ಲೀವ್ ಮತ್ತು ಶಾಫ್ಟಿನ ನಡುವಿನ ಓ–ರಿಂಗ್ ಪರೀಕ್ಷಿಸಿ. ಅಲ್ಲಿಂದ ಬರುವ ನೀರನ್ನು ಸೀಲಿನದೆಂದು ತಿಳಿದು ಸೀಲ್ ಬದಲಿಸುವವರು ಬಹಳ.

ತೊಟ್ಟಿ ಮೇಲೆ:
ಹಳ್ಳದ ನೀರಿಗೆ ರೋಪೇ ಲೇಸು ಎನ್ನುವುದು ನನ್ನ ಅಭಿಪ್ರಾಯ. ಸರಿಯಾಗಿ ಹಾಕಿದ ರೋಪ್ ನಿಮಿಷಕ್ಕೆ 40ರಿಂದ 60 ಹನಿ ಬಿಡಲೇಬೇಕು. 60 ಹನಿ ಎಂದರೆ ಸುಮಾರು 3 ಮಿ.ಲೀ., ಗಂಟೆಗೆ ಒಂದು ಲೋಟ ನೀರು. ತೋಟಕ್ಕೆ ಅದೇನೂ ನಷ್ಟವಲ್ಲ. ಆ ಹನಿಯನ್ನೂ ನಿಲ್ಲಿಸಲು ನಟ್ ಬಿಗಿದಾಗಲೇ ರೋಪ್ ಸುಟ್ಟು ಸ್ಲೀವಿನಲ್ಲಿ ಗೀರು ಬೀಳುವುದು.

ಅಳತೆ ಹೀಗೆ: ಪೆಟ್ಟಿಗೆ ಒಳವ್ಯಾಸ 51, ಸ್ಲೀವ್ 35 ಇದ್ದರೆ ವ್ಯತ್ಯಾಸದ ಅರ್ಧ, 8 ಮಿ.ಮೀ. ರೋಪ್. ಒಂದು ಸುತ್ತಿಗೆ ಸರಾಸರಿ ವ್ಯಾಸ 43 × 3.14, ಅಂದರೆ 135 ಮಿ.ಮೀ. ತುಂಡು. ಉದ್ದದ ಹಗ್ಗವನ್ನು ಸುರುಳಿಯಾಗಿ ತುರುಕಬೇಡಿ, ಒಂದೊಂದೇ ರಿಂಗ್ ಕತ್ತರಿಸಿ. ಕೂಡುವ ತುದಿ 45 ಡಿಗ್ರಿ ಓರೆ, ಜೋಡಣೆಗಳು ಒಂದರ ಮೇಲೊಂದು ಬರದಂತೆ 90 ಡಿಗ್ರಿ ತಿರುಗಿಸಿ ಕೂರಿಸಿ. ಲ್ಯಾಂಟರ್ನ್ ರಿಂಗ್ (ಟ್ಯೂಬಿನ ನೀರನ್ನು ರೋಪಿಗೆ ಹಂಚುವ ತೂತಿನ ಬಳೆ) ಟ್ಯೂಬಿನ ತೂತಿಗಿಂತ ಕೂದಲಷ್ಟು ಹೊರಗಿರಲಿ, ಬಿಗಿದಾಗ ಒಳಗೆ ಸರಿದು ನೇರಕ್ಕೆ ಬರುತ್ತದೆ. ನಟ್ಟನ್ನು ಮೊದಲು ಬೆರಳಿನಲ್ಲೇ ಬಿಗಿದು ಹತ್ತು–ಹದಿನೈದು ನಿಮಿಷ ಧಾರಾಳ ಸೋರಲು ಬಿಡಿ. ಆಮೇಲೆ ಎರಡೂ ನಟ್ಟಿಗೆ ಆರನೇ ಒಂದು ಸುತ್ತು, ಮತ್ತೆ ಹತ್ತು ನಿಮಿಷ ಕಾಯಿರಿ. ಪೆಟ್ಟಿಗೆ ಉಗುರು ಬೆಚ್ಚಗಿದ್ದರೆ ಸರಿ, ಕೈ ಸುಡುವಂತಿದ್ದರೆ ಸಡಿಲಿಸಿ.

ಹಳ್ಳದ ದಂಡೆ:
ಬಿಚ್ಚಿಸಿದೆ. ಸೀಲ್ ಜಾಗದಲ್ಲಿ ಡಯಲ್ ಓಡಾಟ 0.14. ವೇರ್ ರಿಂಗ್ ಸಂದಿ 0.8. ಸೆರಾಮಿಕ್ ಮೇಲೆ ಬಿರುಕೂ ಇದೆ, ಗುರುತು ಕಾರ್ಬನ್ನಿಗಿಂತ ಅಗಲವೂ ಇದೆ. ಈಗ ರೋಪಿಗೇ ಹಿಂತಿರುಗಲೇ?

ಲೇತ್ ಮೇಜು:
0.14ರ ಶಾಫ್ಟಿಗೆ ರೋಪ್ ಹಾಕಿದರೂ ನಿಲ್ಲುವುದಿಲ್ಲ. ಬಾಗಿದ ಶಾಫ್ಟ್ ರೋಪನ್ನು ಜಜ್ಜಿ ಸಂದಿ ಮಾಡುತ್ತದೆ. ಮೊದಲು ಹೊಸ ಶಾಫ್ಟ್, ಸ್ಲೀವ್, ಎರಡು ಬೇರಿಂಗ್. ವೇರ್ ರಿಂಗನ್ನು ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್ ಅಥವಾ ಮಾಚೇನಹಳ್ಳಿ ಕಡೆಯ ಲೇತ್‌ಗಳಲ್ಲಿ ಕಂಚಿನದು ಮಾಡಿಸಿ, ಸಂದಿ 0.3. ಗ್ರೂವ್ ಹಾಕಿಸಬೇಡಿ. ಆಳದ ಗ್ರೂವ್ ಸೋರಿಕೆ ಸ್ವಲ್ಪ ತಗ್ಗಿಸಿದರೂ ನೀರು ಕೊಡುವ ಆಸರೆಯನ್ನೂ ತಗ್ಗಿಸುತ್ತದೆ, ನಿಮಗೆ ಬೇಕಾದ್ದು ಆಸರೆ. ಕಪ್ಲಿಂಗ್ ಅಲೈನ್‌ಮೆಂಟ್ (ಮೋಟರ್, ಪಂಪ್ ಶಾಫ್ಟ್‌ಗಳು ಒಂದೇ ನೇರಕ್ಕಿರುವುದು) 0.05ರೊಳಗೆ. ಎಲ್ಲ ಕೂಡಿಸಿದ ಮೇಲೆ ಅದುರು ಅಳೆಯುವ ಮೀಟರ್ ಸಿಕ್ಕರೆ ಬೇರಿಂಗ್ ಮೇಲೆ ಹಿಡಿಯಿರಿ: ಸೆಕೆಂಡಿಗೆ 1.8 ಮಿ.ಮೀ. ಒಳಗಿದ್ದರೆ ನಿಶ್ಚಿಂತೆ, 4.5 ದಾಟಿದರೆ ನಿಲ್ಲಿಸಿ.

ಪಂಪ್‌ಮನೆ:
ಆಮೇಲೆ ಮೆಕ್ಯಾನಿಕಲ್ ಸೀಲೇ ಬೇಕೆಂದಿದ್ದರೆ ಟ್ಯೂಬ್ ಮತ್ತೆ ಜೋಡಿಸಿ, ಬಾಯಿಗೆ ಸಣ್ಣ ಜಾಲರಿ ಇರಲಿ. ಮುಖಗಳಿಗೆ ಸಿಲಿಕಾನ್ ಕಾರ್ಬೈಡ್ ಜೋಡಿ ಮರಳಿಗೆ ಗಟ್ಟಿ, ಆದರೆ ಒಣಗಿ ಓಡಿದರೆ ಬೇಗ ಒಡೆಯುತ್ತದೆ. ಬೇಸಿಗೆಯ ತಿಳಿ ನೀರಿಗಷ್ಟೇ ಪಂಪ್ ಓಡಿಸುವವರಿಗೆ ಕಾರ್ಬನ್–ಸಿಲಿಕಾನ್ ಕಾರ್ಬೈಡ್ ಸಾಕು. ಕೂರಿಸುವಾಗ ರಬ್ಬರಿಗೆ ಸೋಪು ನೀರು ಹಚ್ಚಿ, ಗ್ರೀಸ್ ಬೇಡ. ಮುಖಕ್ಕೆ ಬೆರಳು ತಾಗಿಸಬೇಡಿ.

ಫುಟ್‌ವಾಲ್ವಿನಲ್ಲಿ (ಪೈಪಿನ ತಳದಲ್ಲಿ ನೀರು ಹಿಡಿದಿಡುವ ವಾಲ್ವ್) ದರಗೆಲೆ ಸಿಕ್ಕಿ ನೀರು ಇಳಿದುಹೋದರೆ, ರಾತ್ರಿ ತ್ರೀ ಫೇಸ್ ಬಂದಾಗ ಆಟೋ ಸ್ಟಾರ್ಟರ್ ನೀರಿಲ್ಲದ ಪಂಪನ್ನೇ ಓಡಿಸುತ್ತದೆ. ನೀರಿಲ್ಲದಾಗ ಮೋಟರ್ ನಿಲ್ಲಿಸುವ ಡ್ರೈ ರನ್ ರಿಲೇ ಇಲ್ಲದೆ ಆಟೋ ಇಡಬೇಡಿ. ಜೂನ್‌ನಿಂದ ಡಿಸೆಂಬರ್‌ವರೆಗೆ ನಿಂತ ಪಂಪಿನಲ್ಲಿ ಎರಡು ಮುಖಗಳೂ ಅಂಟಿಕೊಂಡಿರುತ್ತವೆ. ಮೊದಲ ಸಲ ಸ್ವಿಚ್ ಹಾಕುವ ಮುಂಚೆ ನೀರು ತುಂಬಿ, ಏರ್ ಕಾಕ್ ತೆರೆದು ಗಾಳಿ ಬಿಟ್ಟು, ಕಪ್ಲಿಂಗ್ ಹಿಡಿದು ಕೈಯಲ್ಲೇ ನಾಲ್ಕು ಸುತ್ತು ತಿರುಗಿಸಿ.